ಗಾಳ ಮೀನು ಆರಿಸುತ್ತದೆ, ಸಿಡಿಮದ್ದು ಹೊಳೆಯನ್ನೇ ಬರಿದು ಮಾಡುತ್ತದೆ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಸಮುದ್ರ ಇಲ್ಲ. ಕೃಷ್ಣಾ ಇದೆ, ದೂಧಗಂಗಾ, ವೇದಗಂಗಾ ಇವೆ. ಮಹಾಪೂರ ಇಳಿದ ಮೇಲೆ ಯಡೂರು, ಕಲ್ಲೋಳ, ಕುಡಚಿ, ಉಗಾರ ಕಡೆಯ ದಂಡೆಗಳಲ್ಲಿ ಗಾಳ ಹಿಡಿದು ಕೂರುವವರ ಆಸೆ ಒಂದೇ: ದೊಡ್ಡ ಮೀನು ಸಿಗಬೇಕು. ಸಿಗಲಿ ಎಂಬುದೇ ನಮ್ಮ ಆಸೆ ಕೂಡ. ಆದರೆ ಹೇಗೆ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಬಗ್ಗೆ ಎರಡು ಮಾತು ಹೇಳಲೇಬೇಕಾಗಿದೆ.

ಮೊದಲು ಮೀನಿನ ಬಾಯಿ ನೋಡಿ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಅದು ಮೇಲಿನ ನೀರಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ತಳ ಕೆದಕುತ್ತದೆ. ಹೀಗಾಗಿ ಕಾಟ್ಲಾಗೆ ಬೆಂಡು ಕಟ್ಟಿ ಎರೆಯನ್ನು ಮೇಲೆ ತೇಲಿಸಬೇಕು, ಮೃಗಾಲ್‌ಗೆ ಸೀಸ ಕಟ್ಟಿ ತಳಕ್ಕೆ ಇಳಿಸಬೇಕು. ಈ ಮೂರಕ್ಕೂ ಶೇಂಗಾ ಹಿಂಡಿ, ತೌಡು, ಗೋಧಿ ಹಿಟ್ಟು, ಸ್ವಲ್ಪ ಬೆಲ್ಲ ಕಲಸಿದ ಉಂಡೆ ಸಾಕು. ಬಾಳೆ ಮೀನು ಬೇಟೆಗಾರ. ಕತ್ತಲಾದ ಮೇಲೆ ತಿರುಗುತ್ತದೆ, ಸಣ್ಣ ಮೀನು, ಕೋಳಿ ಕರುಳಿಗೆ ಬರುತ್ತದೆ.

ಸೀಸದ ಗುಂಡಿನ ನಡುವೆ ತೂತಿದ್ದು, ಅದು ದಾರದ ಮೇಲೆ ಜಾರುವಂತಿದ್ದರೆ ಒಳ್ಳೆಯದು. ಮೀನು ಎರೆ ಎಳೆದಾಗ ಭಾರ ತಾಗುವುದಿಲ್ಲ. ಬ್ಯಾರೇಜ್ ಕೆಳಗೆ ಕಲ್ಲು ಜಾಸ್ತಿ. ಅಲ್ಲಿ ಸೀಸವನ್ನು ಬೇರೆ ತೆಳು ದಾರದಿಂದ ಕಟ್ಟಿ. ಸಿಕ್ಕಿಕೊಂಡರೆ ಸೀಸವಷ್ಟೇ ಹರಿದು ಹೋಗುತ್ತದೆ, ಮೀನು ಗಾಳದ ಜೊತೆ ಕಲ್ಲಿಗೆ ಸಿಕ್ಕು ಸಾಯುವುದಿಲ್ಲ. ಒಂದೇ ಉಂಡೆಗೆ ಆರೆಂಟು ಗಾಳ ಚುಚ್ಚುವ ಚಟ ಬಿಡಿ. ದೊಡ್ಡದೊಂದು ಗಾಳ ಸಾಕು. ಅದನ್ನು ನುಂಗಲು ಮರಿಗೆ ಆಗುವುದಿಲ್ಲ, ಮರಿ ಉಳಿಯುತ್ತದೆ.

ಗಾಳದ ಹೆಚ್ಚುಗಾರಿಕೆಯೇ ಇದು: ಯಾವ ಮೀನು, ಎಷ್ಟು ದೊಡ್ಡದು ಎಂದು ನೀವು ಆರಿಸಬಹುದು. ಸಿಡಿಮದ್ದು, ಬ್ಲೀಚಿಂಗ್ ಪೌಡರ್, ಕರೆಂಟ್ ವೈರ್ ಏನನ್ನೂ ಆರಿಸುವುದಿಲ್ಲ. ಮರಿ, ಮೊಟ್ಟೆ, ಏಡಿ ಎಲ್ಲಾ ಹೋಗುತ್ತವೆ. ಸತ್ತ ಮೀನೆಲ್ಲ ತೇಲುವುದೂ ಇಲ್ಲ, ಎಷ್ಟೋ ತಳದಲ್ಲೇ ಕೊಳೆಯುತ್ತವೆ. ಅದೇ ನೀರನ್ನು ದನ ಕುಡಿಯುತ್ತವೆ, ಜನರೂ ಬಳಸುತ್ತಾರೆ. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ಬಲೆಯನ್ನೇ ನಂಬಿ ಬದುಕುವ ಅಂಬಿಗರ ಮನೆಗಳಿಗೆ ಇದು ನೇರ ಹೊಟ್ಟೆ ಮೇಲಿನ ಹೊಡೆತ.

ಇನ್ನೊಂದು ಮಾತು ಗಾಳದವರಿಗೇ. ಮುಂಗಾರಿನ ಹೊಸನೀರು ಬಂದಾಗ ದೊಡ್ಡ ಮೀನು ಪ್ರವಾಹಕ್ಕೆ ಎದುರಾಗಿ ಏರುವುದು ಮೊಟ್ಟೆ ಇಡಲಿಕ್ಕೆ. ಆಗ ಹಿಡಿಯುವುದು ಸುಲಭ. ಆದರೆ ಕಾಟ್ಲಾ, ರೋಹು ತಾಯಿಮೀನು ಒಂದು ಕೆಜಿ ತೂಕಕ್ಕೆ ಲಕ್ಷದಷ್ಟು ಮೊಟ್ಟೆ ಹೊತ್ತಿರುತ್ತದೆ. ಐದು ಕೆಜಿ ಮೀನು ಎತ್ತಿದರೆ ಎಷ್ಟು ಹೋಯಿತು, ನೀವೇ ಲೆಕ್ಕ ಹಾಕಿ.

‘ಸರ್ಕಾರ ಮರಿ ಬಿಡುತ್ತದಲ್ಲ’ ಎನ್ನುವವರಿದ್ದಾರೆ. ನಿಜ, 1957ರಲ್ಲಿ ಒಡಿಶಾದಲ್ಲಿ ಹಾರ್ಮೋನ್ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಸಿಗುವುದು ಸುಲಭವಾಗಿದೆ. ಆದರೆ ಬಿಡುವ ಮರಿ ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಬಾಳೆ ಮೀನಿಗೆ ಹೊಳೆಯೇ ತವರು. ಅಲ್ಲಿ ಮುಗಿದರೆ ಮುಗಿಯಿತು.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳ ಮನೆಯ ಜಂತಿಗೇ ಇರಲಿ. ಆಮೇಲೆ ಹಿಡಿಯಿರಿ, ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ನೀರಿಗೆ ಬಿಡಿ. ನಿಮ್ಮ ಭಾಗದ ನೀರು ಯಾರ ಗುತ್ತಿಗೆಯಲ್ಲಿದೆ, ಪರವಾನಗಿ ಬೇಕೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಕೋಳಿ ಕರುಳನ್ನು ದಂಡೆಯಲ್ಲಿ ಚೆಲ್ಲಬೇಡಿ, ನೀರಿಗೆ ಇಳಿದು ನಿಲ್ಲಬೇಡಿ. ಹೊಳೆ ಕಡೆ ಮದ್ದು ಸಿಡಿದ ಸದ್ದು ಕೇಳಿದರೆ ‘ನಮಗ್ಯಾಕೆ’ ಎನ್ನದೆ 112ಕ್ಕೆ ಕರೆ ಮಾಡಿ.