ಬಂದೂಕಿಲ್ಲದ ಸೈನಿಕರ ಲೆಕ್ಕ

ಅಂತರ್ಯುದ್ಧ ನಡೆಯುತ್ತಿರುವ ದೇಶಕ್ಕೆ ವಿಶ್ವಸಂಸ್ಥೆ ಸೇನಾ ವೀಕ್ಷಕರನ್ನು ಕಳಿಸಿತು ಎಂದಾಗಲೆಲ್ಲ ನನ್ನ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ಕೈಯಲ್ಲಿ ಬಂದೂಕೇ ಇಲ್ಲದವರು ಅಲ್ಲಿಗೆ ಹೋಗಿ ಮಾಡುವುದಾದರೂ ಏನು?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಸಿರಿಯಾದಲ್ಲಿ.

2012ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿಯು 2043ನೇ ನಿರ್ಣಯದ ಮೂಲಕ 300 ನಿರಾಯುಧ ವೀಕ್ಷಕರನ್ನು ಸಿರಿಯಾಕ್ಕೆ ಕಳಿಸಲು ಒಪ್ಪಿತು. ನಾರ್ವೆಯ ಮೇಜರ್ ಜನರಲ್ ರಾಬರ್ಟ್ ಮೂಡ್ ಅದರ ಮುಖ್ಯಸ್ಥರು. ಕದನ ವಿರಾಮ ಪಾಲನೆಯಾಗುತ್ತಿದೆಯೇ ಎಂದು ನೋಡಿ ವರದಿ ಮಾಡುವುದಷ್ಟೇ ಅವರ ಕೆಲಸ.

ಮೇ 25ರಂದು ಹೌಲಾದಲ್ಲಿ ಹತ್ಯಾಕಾಂಡ ನಡೆಯಿತು. ಅದನ್ನು ತಡೆಯಲು ವೀಕ್ಷಕರಿಂದ ಆಗಲಿಲ್ಲ. ಮರುದಿನ ಅವರು ಅಲ್ಲಿಗೆ ಹೋಗಿ ಶವಗಳನ್ನು ಎಣಿಸಿದರು, ಟ್ಯಾಂಕ್ ಮತ್ತು ಫಿರಂಗಿ ದಾಳಿ ನಡೆದದ್ದನ್ನು ದೃಢಪಡಿಸಿದರು. ಸತ್ತವರು 108 ಮಂದಿ. ಅವರಲ್ಲಿ 49 ಮಕ್ಕಳು. ‘ಇದು ಭಯೋತ್ಪಾದಕರ ಕೃತ್ಯ’ ಎಂದು ಸರ್ಕಾರ ಕೈತೊಳೆದುಕೊಳ್ಳಲು ನೋಡಿತು. ಆದರೆ ಸಿರಿಯಾ ಪರವಾಗಿ ಎರಡು ಬಾರಿ ವಿಟೊ ಚಲಾಯಿಸಿದ್ದ ರಷ್ಯಾ ಮತ್ತು ಚೀನಾ ಕೂಡ, ಸರ್ಕಾರದ ಫಿರಂಗಿ ದಾಳಿಯನ್ನು ಉಲ್ಲೇಖಿಸಿದ ಖಂಡನಾ ಹೇಳಿಕೆಗೆ ಸಮ್ಮತಿಸಬೇಕಾಯಿತು.

ಜೂನ್‌ನಲ್ಲಿ ಅಲ್-ಕುಬೇರ್ ಎಂಬ ಹಳ್ಳಿಯಲ್ಲೂ ಜನರನ್ನು ಕೊಂದ ಸುದ್ದಿ ಬಂತು. ಅಲ್ಲಿಗೆ ಹೊರಟ ವೀಕ್ಷಕರನ್ನು ಸೇನೆ ದಾರಿಯಲ್ಲೇ ತಡೆಯಿತು. ಅವರತ್ತ ಗುಂಡೂ ಹಾರಿತು. ಅವರ ವರದಿಗೆ ಬೆಲೆಯೇ ಇಲ್ಲದಿದ್ದರೆ ಅವರನ್ನು ತಡೆಯುವ ಅಗತ್ಯವಾದರೂ ಏನಿತ್ತು?

ಹಿಂಸೆ ಹೆಚ್ಚಿದ್ದರಿಂದ ಆಗಸ್ಟ್‌ನಲ್ಲಿ ಆ ನಿಯೋಗವೇ ಮುಗಿಯಿತು. 2014ರ ಜನವರಿಯ ಹೊತ್ತಿಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ, ಮಾಹಿತಿ ಖಚಿತಪಡಿಸಿಕೊಳ್ಳಲಾಗದೆ, ಸಿರಿಯಾದ ಸಾವಿನ ಲೆಕ್ಕ ಕೊಡುವುದನ್ನೇ ನಿಲ್ಲಿಸಿತು.

ಇಂದು ಸುಡಾನ್ ಅದೇ ಸ್ಥಿತಿಯಲ್ಲಿದೆ. 2023ರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಸಿಲುಕಿಕೊಂಡಿದ್ದು ಅದೇ ಯುದ್ಧದಲ್ಲಿ. ಅಲ್ಲಿದ್ದ ವಿಶ್ವಸಂಸ್ಥೆಯ ನಿಯೋಗವನ್ನು ಆ ವರ್ಷದ ಡಿಸೆಂಬರ್‌ನಲ್ಲೇ ಕೊನೆಗೊಳಿಸಲಾಯಿತು. 2025ರ ಅಕ್ಟೋಬರ್‌ನಲ್ಲಿ ಎಲ್ ಫಶೇರ್ ನಗರವು ಆರ್‌ಎಸ್‌ಎಫ್ ಪಡೆಯ ವಶವಾದಾಗ ಅಲ್ಲಿನ ಹತ್ಯೆಗಳನ್ನು ಜಗತ್ತು ಅರಿತದ್ದು ಹೆಚ್ಚಾಗಿ ಉಪಗ್ರಹ ಚಿತ್ರ, ಮೊಬೈಲ್ ವಿಡಿಯೊ ಮತ್ತು ತಪ್ಪಿಸಿಕೊಂಡು ಬಂದವರ ಮಾತಿನಿಂದ. ಉಪಗ್ರಹಕ್ಕೆ ಸುಟ್ಟ ಮನೆ ಕಾಣುತ್ತದೆ. ಆ ಮನೆಯಲ್ಲಿ ಎಷ್ಟು ಜನರಿದ್ದರು ಎಂದು ಅದು ಪಕ್ಕದ ಮನೆಯವರನ್ನು ಕೇಳಲಾರದು.

ವೀಕ್ಷಕರು ಯುದ್ಧ ನಿಲ್ಲಿಸಲಾರರು, ನಿಜ. ಆದರೆ ಕೊಂದವರು ‘ನಾವಲ್ಲ’ ಎಂದಾಗ ಅದನ್ನು ಪ್ರಶ್ನಿಸಲು ಅವರ ಲೆಕ್ಕ ಬೇಕು. ಇಂಥ ಸುದ್ದಿ ಓದುವಾಗ ವೀಕ್ಷಕರು ಎಷ್ಟು ಮಂದಿ ಎಂಬುದರ ಜೊತೆಗೆ, ಅವರನ್ನು ಯಾವ ಊರಿಗೆ ಬಿಡಲಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳೋಣ.