ಮೆಂಡಲ್‌ನ ಬಟಾಣಿ ಮತ್ತು ಪೋಡಿನ ಮಕ್ಕಳು

ಕಳೆದ ಸೆಮಿಸ್ಟರ್ ಎನ್‌ಎಸ್‌ಎಸ್ ಶಿಬಿರಕ್ಕೆ ಚಾಮರಾಜನಗರದ ಕಡೆ ಹೋದಾಗ ನಾವೊಂದು ಹೈಸ್ಕೂಲಿನಲ್ಲಿ ಆರೋಗ್ಯ ಜಾಗೃತಿ ಕಾರ್ಯಕ್ರಮ ಮಾಡಿದ್ವಿ. ಅಲ್ಲಿ ಓದೋರಲ್ಲಿ ಹೆಚ್ಚಿನವರು ಸೋಲಿಗರ ಪೋಡುಗಳಿಂದ ಬರೋ ಮಕ್ಕಳು. ನಮ್ಮ ಪಿಪಿಟಿಯಲ್ಲಿ ಇದ್ದದ್ದು ಕೈ ತೊಳೆಯಿರಿ, ಹಲ್ಲುಜ್ಜಿ, ಪಿಜ್ಜಾ ಬರ್ಗರ್ ತಿನ್ನಬೇಡಿ. ಪಿಜ್ಜಾ ಚಿತ್ರ ನೋಡಿ ಮಕ್ಕಳು ನಕ್ಕರು. ಕೊನೆಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಕ್ಕಾ, ಸಿಕಲ್ ಸೆಲ್ ಇದ್ರೆ ಮದುವೆ ಆಗಬಾರದಾ?"

ನಮ್ಮಲ್ಲಿ ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ವಾಪಸ್ ಬಂದು ಓದಿದ್ವಿ.

ಸಿಕಲ್ ಸೆಲ್ ಅಂದ್ರೆ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಬರೋ ಕಾಯಿಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಬಿಟ್ ಫ್ಲಿಪ್. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಸುಸ್ತು, ತಡೆಯಲಾಗದ ಕೀಲುನೋವು. ಸೋಲಿಗರೂ ಸೇರಿದಂತೆ ಹಲವು ಬುಡಕಟ್ಟು ಸಮುದಾಯಗಳಲ್ಲಿ ಇದಿದೆ. ದೋಷಪೂರಿತ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಆ ಮಗು ವಾಹಕ, ಸಾಮಾನ್ಯವಾಗಿ ಆರೋಗ್ಯವಾಗೇ ಇರುತ್ತೆ. ಅಷ್ಟೇ ಅಲ್ಲ, ವಾಹಕರಿಗೆ ತೀವ್ರ ಮಲೇರಿಯಾದಿಂದ ಒಂದಿಷ್ಟು ರಕ್ಷಣೆಯೂ ಇದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಅದರ ಗುರಿ. ಒಳ್ಳೇದೇ. ಆದರೆ ಕೈಗೆ ಬಂದ ಕಾರ್ಡಿನಲ್ಲಿ 'ವಾಹಕ' ಅಂತ ಬರೆದಿದ್ದರೆ ಅದರ ಅರ್ಥವನ್ನ ಆ ಹುಡುಗಿಗೆ ಹೇಳೋರು ಯಾರು? ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಮೆಂಡಲ್‌ನ ಬಟಾಣಿ ಪಾಠ ಇದೆ. ಗಣಿತದಲ್ಲಿ ಸಂಭವನೀಯತೆ ಇದೆ. ಎರಡನ್ನೂ ಜೋಡಿಸಿ ಅವರ ಊರಿನ ಕಾಯಿಲೆಯನ್ನೇ ಉದಾಹರಣೆಯಾಗಿ ಕೊಟ್ಟರೆ ಅದೇ ಆರೋಗ್ಯ ಶಿಕ್ಷಣ.

ಎರಡು ನಾಣ್ಯ ಸಾಕು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50. ಮೊದಲ ಮಗುವಿಗೆ ಬಂತು, ಮುಂದಿನ ಮೂವರು ಬಚಾವ್ ಅನ್ನೋ ಹಾಗಿಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮಬೇಕು.

ಇಷ್ಟು ಚಿಕ್ಕ ಮಕ್ಕಳಿಗೆ ಹೇಳಿದ್ರೆ ಹೆದರ್ತಾರೆ ಅಂತ ಕೆಲವರು ಹೇಳಬಹುದು. ಅವರು ಆಗಲೇ ಹೆದರಿದ್ದಾರೆ, ಅರ್ಧಂಬರ್ಧ ಕೇಳಿ. ಹೈಸ್ಕೂಲ್ ಮುಗಿದ ಮೇಲೆ ಎಷ್ಟೋ ಮಕ್ಕಳು ಓದು ಬಿಡ್ತಾರೆ, ಆಮೇಲೆ ಹೇಳೋಕೆ ಸಿಗಲ್ಲ. ಆದರೆ ಯಾರ ಫಲಿತಾಂಶವನ್ನೂ ಕ್ಲಾಸಿನಲ್ಲಿ ಓದಬಾರದು. ಪಾಠ ಮೇಷ್ಟರಿಗೂ ಬೇಕು. ಪಿಟಿ ಪೀರಿಯಡ್‌ನಲ್ಲಿ ಕೂತುಬಿಡೋ ಹುಡುಗ ಸೋಮಾರಿಯೇ ಆಗಿರಬೇಕಿಲ್ಲ. ಕಾಯಿಲೆ ಇರೋ ಮಗುವಿಗೆ ಆಗಾಗ ನೀರು, ಚಳಿಗೆ ಸ್ವೆಟರ್, ವಿಶ್ರಾಂತಿ ಬೇಕು. ನೋವು ಜೋರಾದ್ರೆ, ಜ್ವರ ಬಂದ್ರೆ ತಡ ಮಾಡದೆ ಆಸ್ಪತ್ರೆ.

ನಮ್ಮ ಹ್ಯಾಕಥಾನ್‌ಗಳಲ್ಲಿ 'ಟ್ರೈಬಲ್ ಹೆಲ್ತ್ ಆ್ಯಪ್' ಬರ್ತಾನೇ ಇರುತ್ತೆ. ಸದ್ಯಕ್ಕೆ ಆ್ಯಪ್ ಬೇಡ. ಮುಂದಿನ ಶಿಬಿರಕ್ಕೆ ಮೊದಲು ಅಲ್ಲಿನ ಆಶಾ ಕಾರ್ಯಕರ್ತೆಯರನ್ನ, ವಿಜ್ಞಾನದ ಮೇಷ್ಟರನ್ನ ಕೇಳಿ ಪಾಠ ತಯಾರು ಮಾಡೋಣ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆ ಎರಡನ್ನೂ ನಡೆಸುತ್ತಾ ಬಂದಿದೆ. ಕಲಿಯೋಕೆ ಅಲ್ಲಿ ಬೇಕಾದಷ್ಟಿದೆ.

ಆ ಹುಡುಗಿಗೆ ನಾವು ಹೇಳಬೇಕಿದ್ದದ್ದು ಇಷ್ಟೇ: "ಆಗಬಹುದಮ್ಮಾ. ಹುಡುಗನೂ ರಕ್ತ ಪರೀಕ್ಷೆ ಮಾಡಿಸ್ಲಿ. ಇಬ್ಬರೂ ತಿಳ್ಕೊಂಡು, ಡಾಕ್ಟರ ಹತ್ರ ಮಾತಾಡಿ ತೀರ್ಮಾನ ಮಾಡಿ." ಮುಂದಿನ ಸಲ ಹೋಗಿ ಹೇಳ್ತೀವಿ. ಪಿಜ್ಜಾ ಸ್ಲೈಡ್ ಡಿಲೀಟ್ ಮಾಡಿದ್ದೀವಿ.