ದಲ್ಲಾಳಿಯ ಮಾತು ಮತ್ತು ನಮ್ಮ ಹೊಣೆ

ಸಿದ್ದಾಪುರದಂತಹ ಊರುಗಳಲ್ಲಿ ‘ನಮ್ಮವನೇ, ಮೋಸ ಮಾಡಲಾರ’ ಎಂದು ದಲ್ಲಾಳಿಯ ಮಾತಿನ ಮೇಲೆಯೇ ನಾವು ಮನೆಗೆ ಮುಂಗಡ ಕೊಡುತ್ತೇವೆ. 2016ರ ರೇರಾ ಕಾಯ್ದೆಯು ದಲ್ಲಾಳಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ್ದರೂ, ಅದು ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟ್‌ಗಳ ಮಾರಾಟಕ್ಕೆ ಸೀಮಿತ. ಹಳ್ಳಿಯ ಹಳೆಯ ಮನೆಗೆ ಅದರ ಕಾವಲಿಲ್ಲ.

ಸಾಲದ ವ್ಯವಹಾರವನ್ನು ಬರೆದಿಡಿ, ಮಾರಾಟಕ್ಕೆ ಸಾಕ್ಷಿಗಳನ್ನು ನಿಲ್ಲಿಸಿ ಎಂದು ಪವಿತ್ರ ಕುರ್‌ಆನ್ (2:282) ಬೋಧಿಸುತ್ತದೆ. ಈ ಬೋಧನೆ ಪರಸ್ಪರ ನಂಬುವ ವಿಶ್ವಾಸಿಗಳಿಗೇ ಇರುವಂಥದ್ದು. ಆದ್ದರಿಂದ ಇ-ಸ್ವತ್ತು ದಾಖಲೆ, ಋಣಭಾರ ಪತ್ರ, ವಾರಸುದಾರ ಸಹೋದರಿಯರ ಸಹಿ ಕೇಳುವುದು ಅವಿಶ್ವಾಸವಲ್ಲ. ಅದು ಅಲ್ಲಾಹನ ಆದೇಶಕ್ಕೆ ತೋರುವ ವಿಧೇಯತೆ.

ದಲ್ಲಾಳಿ ಸಹೋದರರೇ, ಕಮಿಷನ್ ನಿಮ್ಮ ಶ್ರಮದ ಹಕ್ಕು. ಆದರೆ ಸೋರುವ ಮಾಳಿಗೆಯನ್ನೂ ಸಹೋದರಿಯ ಪಾಲನ್ನೂ ಮರೆಮಾಚಿ ಗಳಿಸಿದ ಹಣದಲ್ಲಿ ಬರಕತ್ ಇರದು. ಮರೆಮಾಚುವ ಮಾರಾಟಗಾರನೂ, ತಿಳಿದೂ ಸುಮ್ಮನಿರುವ ನಾವೂ ಆ ಪಾಪದ ಪಾಲುದಾರರೇ.